ಲೆಕ್ಕ ಓದಿ ಹೇಳುವ ಸಭೆ: ಜಿಲ್ಲಾ ಬೋರ್ಡಿನಿಂದ ಗ್ರಾಮಸಭೆಯವರೆಗೆ

ಪ್ರತಿ ವರ್ಷ ನಮ್ಮ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಗಳು ಎದ್ದು ನಿಂತು ವರದಿ ಓದುತ್ತಾರೆ. ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು, ಯಾವ ಕೆಲಸ ಮುಗಿಯಿತು, ಯಾವುದು ಉಳಿಯಿತು ಎಂದು ಸದಸ್ಯರಿಗೆ ತಿಳಿಸುತ್ತಾರೆ. ಕೆಲವರು ಪ್ರಶ್ನೆ ಕೇಳುತ್ತಾರೆ, ಕೆಲವರು ಆಕಳಿಸುತ್ತಾರೆ. ಆದರೆ ವರದಿ ಓದದೆ ಸಭೆ ಮುಗಿಯುವಂತಿಲ್ಲ. ಒಂದು ಸಂಸ್ಥೆಗೆ ಅನ್ವಯಿಸುವ ಈ ಸಾಮಾನ್ಯ ನಿಯಮ ನಮ್ಮ ಊರಿಗೆ, ತಾಲೂಕಿಗೆ, ಜಿಲ್ಲೆಗೆ ಅನ್ವಯಿಸಲು ಎಷ್ಟು ಕಾಲ ಬೇಕಾಯಿತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು. ಘೋಡಗೇರಿಯಂಥ ಒಂದು ಹಳ್ಳಿಯಲ್ಲಿ ನಿಂತು, ಗೋಕಾಕ, ಹುಕ್ಕೇರಿ, ಮೂಡಲಗಿ ಭಾಗದ ಜನರ ಕಣ್ಣಿನಿಂದ ಆ ಇತಿಹಾಸವನ್ನು ನೋಡುವ ಸಣ್ಣ ಪ್ರಯತ್ನ ಈ ಲೇಖನ.

ಚಾವಡಿಯ ಕಾಲ

ಹಿಂದೆ ನಮ್ಮ ಹಳ್ಳಿಗಳಲ್ಲಿ ಸರಕಾರವೆಂದರೆ ಚಾವಡಿ. ಅಲ್ಲಿ ಗೌಡರು, ಕುಲಕರ್ಣಿಯವರು, ಅವರ ಮಾತು ನಡೆಸಲು ವಾಲೀಕಾರರು. ಮೇಲಿನಿಂದ ಹುಕುಂ ಬಂದರೆ ಓಣಿ ಓಣಿಯಲ್ಲಿ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದರು. ಕಂದಾಯ ಕಟ್ಟಬೇಕು, ಸಾಹೇಬರು ಬರುತ್ತಾರೆ, ದನಗಳನ್ನು ಹೊರಗೆ ಬಿಡಬಾರದು ಎಂಬಂಥ ಸುದ್ದಿಗಳು. ಸುದ್ದಿ ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತಿತ್ತು. ಕಟ್ಟಿದ ಕಂದಾಯ ಎಲ್ಲಿಗೆ ಹೋಯಿತೆಂದು ಕೇಳುವ ರೂಢಿ ಇರಲಿಲ್ಲ, ಹೇಳುವ ಕಟ್ಟಳೆಯೂ ಇರಲಿಲ್ಲ. ಊರ ಹಿರಿಯರ ಪಂಚಾಯತಿ ಜಗಳ ಬಗೆಹರಿಸುತ್ತಿತ್ತು ನಿಜ. ಆದರೆ ಅದು ಎಲ್ಲರೂ ಸೇರಿ ಆರಿಸಿದ್ದಲ್ಲ, ಅಲ್ಲಿ ಹೆಣ್ಣುಮಕ್ಕಳಿಗೂ ದುಡಿಯುವ ಜಾತಿಗಳಿಗೂ ಮಾತನಾಡುವ ಜಾಗ ಬಹಳ ಕಡಿಮೆ.

ರೂಪಾಯಿಗೆ ಒಂದಾಣೆ

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1860ರ ದಶಕದಲ್ಲಿ ಆ ಪ್ರಾಂತದಲ್ಲಿ ಭೂಕಂದಾಯದ ಮೇಲೆ ಹದಿನಾರನೆಯ ಒಂದು ಪಾಲು, ಅಂದರೆ ರೂಪಾಯಿಗೆ ಒಂದಾಣೆ, ಸ್ಥಳೀಯ ಕರವೆಂದು ವಸೂಲಿ ಮಾಡತೊಡಗಿದರು. 1869ರ ಮುಂಬಯಿ ಸ್ಥಳೀಯ ನಿಧಿ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಆ ಹಣದಿಂದ ರಸ್ತೆ, ಶಾಲೆ, ಬಾವಿ, ಧರ್ಮಶಾಲೆ, ದವಾಖಾನೆಗಳು ಆಗಬೇಕಿತ್ತು. ಖರ್ಚನ್ನು ನಿರ್ಧರಿಸುವ ಸಮಿತಿಯಲ್ಲಿ ಕಲೆಕ್ಟರರು ಮತ್ತು ಇತರ ಅಧಿಕಾರಿಗಳು, ಅವರ ಜೊತೆಗೆ ಕೆಲವು ಜಮೀನುದಾರರು. ಹಣ ರೈತನದು, ತೀರ್ಮಾನ ಕಚೇರಿಯದು. ಆದರೂ ಒಂದು ಹೊಸ ವಿಚಾರ ಇಲ್ಲಿ ಮೊಳಕೆಯೊಡೆಯಿತು: ಊರಿನಿಂದ ಎತ್ತಿದ ಹಣದ ಒಂದು ಪಾಲು ಊರಿನ ಕೆಲಸಕ್ಕೇ ಹೋಗಬೇಕು.

1882ರ ಮೇ 18ರಂದು ವೈಸರಾಯ್ ಲಾರ್ಡ್ ರಿಪ್ಪನ್ನರ ಸರಕಾರ ಸ್ಥಳೀಯ ಸ್ವರಾಜ್ಯದ ಬಗ್ಗೆ ಪ್ರಸಿದ್ಧ ಠರಾವು ಹೊರಡಿಸಿತು. ಜನರು ಆಡಳಿತವನ್ನು ಕಲಿಯಬೇಕಾದರೆ ಅವರ ಕೈಗೆ ಆಡಳಿತ ಕೊಡಬೇಕು ಎಂಬುದು ಅದರ ತಿರುಳು. ಎರಡು ವರ್ಷಗಳ ನಂತರ, 1884ರಲ್ಲಿ, ಮುಂಬಯಿ ಲೋಕಲ್ ಬೋರ್ಡ್ ಕಾಯ್ದೆ ಬಂತು. ಜಿಲ್ಲೆಗೊಂದು, ತಾಲೂಕಿಗೊಂದು ಲೋಕಲ್ ಬೋರ್ಡು ಏರ್ಪಟ್ಟವು. ಕೆಲವು ಸದಸ್ಯರು ಚುನಾಯಿತರು, ಕೆಲವರು ನಾಮಕರಣಗೊಂಡವರು. ಆದರೆ ಮತ ಹಾಕುವ ಹಕ್ಕು ಆಸ್ತಿ ಇದ್ದವರಿಗೆ, ಕರ ಕಟ್ಟುವವರಿಗೆ ಮಾತ್ರ. ಆದ್ದರಿಂದ ಬೋರ್ಡಿನ ಸದಸ್ಯರು ಉತ್ತರ ಹೇಳಬೇಕಾಗಿದ್ದದ್ದೂ ಅಂಥ ಕೆಲವರಿಗೆ ಮಾತ್ರ. ಕೂಲಿಕಾರನ ಮನೆಗೆ ಆ ಬೋರ್ಡಿನ ಸುದ್ದಿ ಬರಲು ಕಾರಣವೇ ಇರಲಿಲ್ಲ.

1920ರ ಮುಂಬಯಿ ಗ್ರಾಮ ಪಂಚಾಯತಿ ಕಾಯ್ದೆ ಹಳ್ಳಿಯ ವಯಸ್ಕ ಗಂಡಸರಿಗೆ ಪಂಚಾಯತಿ ಆರಿಸುವ ಅವಕಾಶ ಕೊಟ್ಟಿತು. ಅದೇ ದಶಕದಲ್ಲಿ, 1924ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾದ ಅಧಿವೇಶನ ಅದೊಂದೇ. ಹಳ್ಳಿಯೇ ಸ್ವರಾಜ್ಯದ ಬುನಾದಿ ಎಂಬ ಅವರ ಮಾತು ನಮ್ಮ ಜಿಲ್ಲೆಯ ಮನೆಮನೆಗೆ ತಲುಪಿದ ಕಾಲವದು.

ಏಕೀಕರಣದ ನಂತರ

1956ರ ನವೆಂಬರ್ 1ರಂದು ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಬಂದು ಮೈಸೂರು ರಾಜ್ಯವನ್ನು ಸೇರಿದವು. ಬೇರೆ ಬೇರೆ ಪ್ರಾಂತಗಳಿಂದ ಬಂದ ಭಾಗಗಳಲ್ಲಿ ಬೇರೆ ಬೇರೆ ಪಂಚಾಯತಿ ಕಾನೂನುಗಳಿದ್ದವು. ಅವನ್ನೆಲ್ಲ ಒಂದುಗೂಡಿಸಿ 1959ರಲ್ಲಿ ಮೈಸೂರು ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಬೋರ್ಡುಗಳ ಕಾಯ್ದೆ ಜಾರಿಗೆ ಬಂತು. ಹಳ್ಳಿಗೆ ಗ್ರಾಮ ಪಂಚಾಯತಿ, ತಾಲೂಕಿಗೆ ತಾಲೂಕು ಅಭಿವೃದ್ಧಿ ಮಂಡಳಿ. ಜಿಲ್ಲೆಗೆ ಮಾತ್ರ ನೇರವಾಗಿ ಚುನಾಯಿತವಾದ ಸಂಸ್ಥೆ ಸಿಗಲಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಅಭಿವೃದ್ಧಿ ಪರಿಷತ್ತು ಸಲಹೆ ಕೊಡುತ್ತಿತ್ತು. ಜಿಲ್ಲೆಯ ಹಣದ ಲೆಕ್ಕವನ್ನು ಮತದಾರರಿಗೆ ಹೇಳಬೇಕಾದ ಸದಸ್ಯರೇ ಆಗ ಇರಲಿಲ್ಲ ಎಂದರೆ ತಪ್ಪಾಗಲಾರದು.

ಆದರೆ ಲೆಕ್ಕ ಕೇಳುವುದನ್ನು ನಮ್ಮ ಭಾಗದ ಜನ ಇನ್ನೊಂದು ಕಡೆ ಕಲಿತರು. ಅದು ಸಹಕಾರ ಕ್ಷೇತ್ರ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಐದು ಗ್ರಾಮೀಣ ವಿದ್ಯುತ್ ಸಂಘಗಳಲ್ಲಿ ಅದೂ ಒಂದು. ಕರೆಂಟು ಪಡೆಯುವ ರೈತನೇ ಅದರ ಸದಸ್ಯ. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಜಮಾ ಖರ್ಚು ಓದುವುದು, ಸದಸ್ಯರು ಎದ್ದು ಕೇಳುವುದು ಸಹಕಾರ ಕಾಯ್ದೆಯ ಕಡ್ಡಾಯ ಪಾಠ. ಷೇರು ಹಣ ಹಾಕಿದವನಿಗೆ ಲೆಕ್ಕ ಕೇಳುವ ಹಕ್ಕಿದ್ದರೆ, ಕರ ಕಟ್ಟಿದವನಿಗೆ ಏಕೆ ಇರಬಾರದು? ಈ ಪ್ರಶ್ನೆಗೆ ಕಾನೂನಿನ ಉತ್ತರ ಸಿಗಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

ನಜೀರ್ ಸಾಬರ ಕಾಯ್ದೆ

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅಬ್ದುಲ್ ನಜೀರ್ ಸಾಬರ ಕೈಗೆ ಬಂತು. ಗುಂಡ್ಲುಪೇಟೆಯ ಈ ಸರಳ ಮನುಷ್ಯ ಬರಗಾಲದ ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಜನ ಅವರನ್ನು ನೀರಿಗಾಗಿ ನೆನೆಯುತ್ತಾರೆ. ಆದರೆ ಅವರ ದೊಡ್ಡ ಕೊಡುಗೆ ನೆಲದಡಿಯ ನೀರಿಗಿಂತ ಆಳದ್ದು. 1983ರಲ್ಲಿ ರೂಪುಗೊಂಡು, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 1985ರಲ್ಲಿ ಜಾರಿಗೆ ಬಂದ ಜಿಲ್ಲಾ ಪರಿಷತ್ತು, ತಾಲೂಕು ಪಂಚಾಯತಿ ಸಮಿತಿ, ಮಂಡಲ ಪಂಚಾಯತಿ ಕಾಯ್ದೆಯೇ ಆ ಕೊಡುಗೆ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲೆಗೆ ನೇರವಾಗಿ ಚುನಾಯಿತರಾದ ಪರಿಷತ್ತು ಬಂತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲು. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಗ್ರಾಮಸಭೆ. ಹಳ್ಳಿಯ ಮತದಾರರೆಲ್ಲ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು, ಮಂಡಲದ ಕೆಲಸಗಳು ಅವರ ಮುಂದೆ ಬರಬೇಕು ಎಂದು ಕಾಯ್ದೆ ಹೇಳಿತು. ಡಂಗುರದ ಸುದ್ದಿ ಕೇಳಲು ಕೂಡುತ್ತಿದ್ದ ಜನ ಈಗ ಪ್ರಶ್ನೆ ಕೇಳಲು ಕೂಡಬಹುದಾಯಿತು.

ಫಲ ಏನಾಯಿತು? ಶಾಲೆಗೆ ಮಾಸ್ತರರ ಹಾಜರಾತಿ, ದವಾಖಾನೆಗೆ ಡಾಕ್ಟರರ ಹಾಜರಾತಿ ಸುಧಾರಿಸಿದ್ದನ್ನು ಆ ಕಾಲದ ಅಧ್ಯಯನಗಳು ಗುರುತಿಸಿವೆ. ಹಳ್ಳಿಯಿಂದ ಕಚೇರಿಗೆ ಹೋಗುವ ಸುದ್ದಿಯ ಪ್ರಮಾಣ ಬಹಳ ಹೆಚ್ಚಿತೆಂದೂ ವಿದ್ವಾಂಸರು ಬರೆದಿದ್ದಾರೆ. ಎಲ್ಲಿ ನೀರಿಲ್ಲ, ಎಲ್ಲಿ ರೋಗ ಕಾಣಿಸಿದೆ ಎಂಬುದು ಸದಸ್ಯರ ಬಾಯಿಂದ ಬೇಗ ಮೇಲೆ ತಲುಪುತ್ತಿತ್ತು. ಸುದ್ದಿ ಎರಡೂ ಕಡೆ ಹರಿಯತೊಡಗಿತ್ತು. ನಜೀರ್ ಸಾಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪಂಚಾಯತಿ ಸದಸ್ಯರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವ ಮೈಸೂರಿನ ರಾಜ್ಯ ಸಂಸ್ಥೆ ಅವರ ಹೆಸರನ್ನು ಹೊತ್ತಿದೆ.

400 ಮತ್ತು 40,000

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ಮೇ 10ರಂದು ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಗ್ರಾಮ, ತಾಲೂಕು, ಜಿಲ್ಲಾ ಪಂಚಾಯತಿ ಎಂಬ ಇಂದಿನ ಮೂರು ಹಂತಗಳು ಅದರಿಂದ ಬಂದವು. ಮುಂದೆ 2010ರಲ್ಲಿ ಮಹಿಳಾ ಮೀಸಲಾತಿ ಶೇಕಡಾ 50ಕ್ಕೇರಿತು.

ಈ ಕಾಯ್ದೆಯ ಎರಡು ಅಂಕಿಗಳನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಗ್ರಾಮ ಪಂಚಾಯತಿಗೆ ಸುಮಾರು 400 ಜನರಿಗೊಬ್ಬ ಸದಸ್ಯ. 1993ರ ಮೂಲ ಲೆಕ್ಕದಂತೆ ಜಿಲ್ಲಾ ಪಂಚಾಯತಿಗೆ ಸುಮಾರು 40,000 ಜನರಿಗೊಬ್ಬ ಸದಸ್ಯ. ಗ್ರಾಮ ಪಂಚಾಯತಿಯ ಸದಸ್ಯ ನಮ್ಮ ಓಣಿಯವನು. ಚಹಾದ ಅಂಗಡಿಯಲ್ಲಿ, ಮದುವೆಯಲ್ಲಿ, ನಮಾಜು ಮುಗಿಸಿ ಹೊರಬರುವಾಗ ಸಿಗುತ್ತಾನೆ. ‘ಏನಪಾ, ನಮ್ಮ ಗಟಾರದ ಕೆಲಸ ಎಲ್ಲಿಗೆ ಬಂತು?’ ಎಂದು ನಿಲ್ಲಿಸಿ ಕೇಳಬಹುದು. ಜಿಲ್ಲಾ ಪಂಚಾಯತಿ ಸದಸ್ಯರಿಗೆ ನೂರು ಪಟ್ಟು ಜನ. ಅವರು ಎಷ್ಟೇ ಒಳ್ಳೆಯವರಾದರೂ ಪ್ರತಿ ಕಟ್ಟೆಯ ಮೇಲೆ ಕೂತು ಸುದ್ದಿ ಹೇಳಲಾರರು. ಆದರೆ ಪ್ರೌಢಶಾಲೆಯ ಕೋಣೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರಿನ ದೊಡ್ಡ ಯೋಜನೆ ಇವೆಲ್ಲ ನಿಂತಿರುವುದು ಜಿಲ್ಲೆಯ ಹಂತದಲ್ಲಿ. ಅಲ್ಲಿ ಶಿಕ್ಷಣ ಮತ್ತು ಆರೋಗ್ಯ, ಸಾಮಾಜಿಕ ನ್ಯಾಯ, ಕೃಷಿ ಮತ್ತು ಕೈಗಾರಿಕೆ, ಹಣಕಾಸು ಹೀಗೆ ಸ್ಥಾಯಿ ಸಮಿತಿಗಳಿವೆ. ಅಲ್ಲಿನ ತೀರ್ಮಾನ ಊರಿಗೆ ತಲುಪಬೇಕಾದರೆ ಸದಸ್ಯರು ಗ್ರಾಮಸಭೆಗೆ ಬರಬೇಕು, ಬಂದಾಗ ಕೇಳುವವರೂ ಇರಬೇಕು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಹಿಂದಿನ ವರ್ಷದ ಜಮಾ ಖರ್ಚು, ಆಡಳಿತ ವರದಿ, ಲೆಕ್ಕ ತಪಾಸಣೆಯ ಆಕ್ಷೇಪಣೆ, ಮುಂದಿನ ಕೆಲಸಗಳು ಅಲ್ಲಿ ಚರ್ಚೆಗೆ ಬರಬೇಕು. ಮನೆ ಇಲ್ಲದವರ ಯೋಜನೆಗೆ ಫಲಾನುಭವಿಗಳ ಆಯ್ಕೆಯೂ ಅಲ್ಲಿಯೇ. 2005ರ ಉದ್ಯೋಗ ಖಾತ್ರಿ ಕಾಯ್ದೆ ಸಾಮಾಜಿಕ ಲೆಕ್ಕ ತಪಾಸಣೆಯನ್ನು ಗ್ರಾಮಸಭೆಗೇ ವಹಿಸಿತು. ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆಯಿಂದ ಕಾಗದ ಕೇಳಿ ಪಡೆಯುವ ದಾರಿಯೂ ತೆರೆಯಿತು.

ಕೊಂಡಿ ಕಳಚಿದ ವರ್ಷಗಳು

ಈ ಸರಪಳಿ ಎರಡು ಸಲ ತುಂಡಾಯಿತು. 1987ರಲ್ಲಿ ಆಯ್ಕೆಯಾದ ಸಂಸ್ಥೆಗಳ ಅವಧಿ 1992ರಲ್ಲಿ ಮುಗಿದಾಗ ಕೂಡಲೇ ಚುನಾವಣೆ ಆಗಲಿಲ್ಲ. ಜಿಲ್ಲೆಗೆ ಮತ್ತೆ ಚುನಾಯಿತ ಸದಸ್ಯರು ಬಂದದ್ದು 1995ರಲ್ಲಿ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಯಬೇಕೆಂದು ಸಂವಿಧಾನವೇ ಹೇಳಿದ ಮೇಲೆ ಇಂಥದ್ದು ಮರುಕಳಿಸಲಾರದು ಎಂದು ನಾವು ನಂಬಿದ್ದೆವು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಗೊಂದಲದಲ್ಲಿ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 90 ಸದಸ್ಯರಿದ್ದ ಬೆಳಗಾವಿ ಜಿಲ್ಲಾ ಪಂಚಾಯತಿಯ ಕುರ್ಚಿಗಳು ಖಾಲಿಯಾದವು, ಆಡಳಿತಾಧಿಕಾರಿಗಳು ಬಂದರು.

ಇದರಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ಘಟಪ್ರಭೆಯ ದಂಡೆಯವರನ್ನು ಕೇಳಬೇಕು. 2019ರ ಆಗಸ್ಟ್ ನೆರೆಯಲ್ಲಿ ಮನೆಗಳು ಬಿದ್ದಾಗ ನಷ್ಟವನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ಯಾರ ಮನೆ ಯಾವ ಪಟ್ಟಿಯಲ್ಲಿ ಎಂಬುದು ಒಂದು ಸಂಸಾರದ ಬದುಕಿನ ಪ್ರಶ್ನೆ. ಆಗ ಮೂರೂ ಹಂತಗಳಲ್ಲಿ ಕೇಳಲು ಸದಸ್ಯರಿದ್ದರು. 2021ರ ಜುಲೈನಲ್ಲಿ ಮತ್ತೆ ನೆರೆ ಬಂದಾಗ ಗ್ರಾಮ ಪಂಚಾಯತಿ ಸದಸ್ಯರನ್ನು ಬಿಟ್ಟರೆ ಮೇಲಿನ ಎರಡು ಹಂತಗಳಲ್ಲಿ ಚುನಾಯಿತರು ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವನು ಓಣಿಯ ಸದಸ್ಯನನ್ನು ಕೇಳಬೇಕು. ಆ ಸದಸ್ಯನು ತಾಲೂಕಿನಲ್ಲಿ, ಜಿಲ್ಲೆಯಲ್ಲಿ ಯಾರನ್ನು ಕೇಳಬೇಕು? ಅಧಿಕಾರಿಗಳು ದುಡಿಯಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅಧಿಕಾರಿಗೆ ವರ್ಗಾವಣೆ ಇದೆ, ಸದಸ್ಯನಿಗೆ ಮತ್ತೆ ಅದೇ ಜನರ ಮುಂದೆ ಮತ ಕೇಳುವ ದಿನ ಇದೆ. ವ್ಯತ್ಯಾಸ ಅಷ್ಟೇ, ಅದೇ ದೊಡ್ಡದು.

ವಿದ್ಯಾರ್ಥಿಗಳ ಪಾಲು

ತಪ್ಪು ಮೇಲಿನವರದು ಮಾತ್ರವಲ್ಲ. ಗ್ರಾಮಸಭೆ ಕರೆದರೆ ನಾವು ಹೊಲಕ್ಕೆ, ಸಂತೆಗೆ ಹೋಗುತ್ತೇವೆ. ಸಹಿ ಪುಸ್ತಕ ಮನೆಮನೆಗೆ ಬಂದರೆ ಓದದೆ ಸಹಿ ಮಾಡುತ್ತೇವೆ. ಆ ಮೇಲೆ ಪಂಚಾಯತಿಯವರು ಏನೂ ಹೇಳಲಿಲ್ಲ ಎಂದು ಬೈಯುತ್ತೇವೆ. ನಮ್ಮ ಎಷ್ಟೋ ಮನೆಗಳಲ್ಲಿ ಮಾತು ದಖನಿ ಉರ್ದುವಿನಲ್ಲಿ, ಪಂಚಾಯತಿ ನೋಟೀಸು ಕನ್ನಡದಲ್ಲಿ. ತಾಯಂದಿರಿಗೆ ಅದನ್ನು ಓದಿ ಹೇಳಬಲ್ಲವರು ಶಾಲೆ ಕಲಿಯುತ್ತಿರುವ ಮಕ್ಕಳು. ಬೀಬಿಯರೂ ಮತದಾರರೇ, ಗ್ರಾಮಸಭೆಯ ಸದಸ್ಯರೇ. ಅವರನ್ನು ಕರೆದುಕೊಂಡು ಹೋಗುವುದು ಮಗಳ ಕೆಲಸವೂ ಹೌದು, ಮಗನ ಕೆಲಸವೂ ಹೌದು.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ 18 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರು ಬಂದ ದಿನ ನೀವೂ ಗ್ರಾಮಸಭೆಯ ಸದಸ್ಯರು. ಅದಕ್ಕೆ ಯಾರ ಶಿಫಾರಸೂ ಬೇಡ. ಹಿಂದಿನ ಸಭೆಯ ಠರಾವನ್ನು ಓದಿಕೊಂಡು ಹೋಗಿ. ಯಾವ ಕೆಲಸ ಬರೆದಿದ್ದರು, ಯಾವುದು ಆಯಿತು ಎಂದು ನೋಡಿ. ಒಂದೇ ಪ್ರಶ್ನೆ ಕೇಳಿ, ಆದರೆ ಸರಿಯಾಗಿ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಸದಸ್ಯರು ಒಳ್ಳೆಯ ಕೆಲಸ ಮಾಡಿದ್ದರೆ ಅದನ್ನೂ ಸಭೆಯಲ್ಲಿಯೇ ಹೇಳಿ.

ರೂಪಾಯಿಗೆ ಒಂದಾಣೆ ಕಟ್ಟಿದ ನಮ್ಮ ಮುತ್ತಜ್ಜಂದಿರು ಆ ಆಣೆ ಎಲ್ಲಿ ಹೋಯಿತೆಂದು ಕೇಳುವಂತಿರಲಿಲ್ಲ. ನಾವು ಕೇಳಬಹುದು. ಮುಂದಿನ ಗ್ರಾಮಸಭೆಯ ಡಂಗುರ ಕೇಳಿದ ದಿನ ಸಂತೆಯನ್ನು ಒಂದು ತಾಸು ತಡಮಾಡಿ ಹೋದರೂ ನಡೆಯುತ್ತದೆ.