ಕಾಫಿಗೆ ಒಗ್ಗಿದ ಗಿರಿ ಪೈನ್‌ಗೆ ಏಕೆ ಒಗ್ಗದು?

ಹೊರನಾಡಿನ ಬೀಜ ಚಂದ್ರದ್ರೋಣ ಪರ್ವತಕ್ಕೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳದವರು ಈ ಜಿಲ್ಲೆಯಲ್ಲಿ ವಿರಳ. ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಹಿನ್ನೆಲೆಯಾಗಿ ನಿಂತಿರುವ ಈ ಗಿರಿಸಾಲು ದೂರದ ಕಾಫಿಯನ್ನು ತನ್ನದಾಗಿಸಿಕೊಂಡಿತು. ಹಾಗಾದರೆ ಜಪಾನಿನ ಪೈನ್ ಬೀಜವನ್ನು ಕುಂಡದಲ್ಲಿ ಬಿತ್ತಿ, ಗೇಣುದ್ದದ ಬೋನ್ಸಾಯ್ ಮಾಡಿ ಜಗುಲಿಯ ಮೇಲಿಡಲು ಅಡ್ಡಿಯೇನು? ಈ ಪ್ರಶ್ನೆಗೆ ಉತ್ತರ ತೋಟಗಾರಿಕೆಗಿಂತ ಹೆಚ್ಚಾಗಿ ಭೂಗೋಳದಲ್ಲಿದೆ.

ಕುಬ್ಜಮರದ ಕಲೆ ಹುಟ್ಟಿದ್ದು ಚೀನಾದಲ್ಲಿ. ಟಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯಲ್ಲಿ ಕ್ರಿ.ಶ. 706ರ ಭಿತ್ತಿಚಿತ್ರವೊಂದಿದೆ. ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆಯನ್ನು ಪರಿಚಾರಕರು ಹೊತ್ತು ನಡೆಯುವ ದೃಶ್ಯ ಅದರಲ್ಲಿದೆ. ಅಲ್ಲಿಂದ ಜಪಾನಿಗೆ ಹೋದ ಕಲೆ ಪೈನ್ ಮರವನ್ನು ತನ್ನ ಅರಸನನ್ನಾಗಿ ಮಾಡಿಕೊಂಡಿತು. ಹಿರೋಶಿಮಾದ ಯಮಾಕಿ ಮನೆತನದ ಬಿಳಿ ಪೈನ್ ಇದಕ್ಕೆ ಸಾಕ್ಷಿ. 1625ರಿಂದ ಕುಂಡದಲ್ಲಿ ಬೆಳೆದ ಈ ಮರ 1945ರ ಅಣುಬಾಂಬಿನಿಂದಲೂ ಪಾರಾಯಿತು. 1976ರಲ್ಲಿ ಜಪಾನ್ ಅಮೆರಿಕಕ್ಕೆ ಕೊಟ್ಟ ಉಡುಗೊರೆಗಳಲ್ಲಿ ಇದೂ ಸೇರಿತು. ತಲೆಮಾರುಗಳ ಕೈದಾಟಿ ಬರುವ ಇಂಥ ಮರಕ್ಕೆ ತಪ್ಪು ಬೀಜ ಆರಿಸಿಕೊಂಡರೆ ನಷ್ಟವಾಗುವುದು ಹಣವಷ್ಟೇ ಅಲ್ಲ, ವರ್ಷಗಳೂ ಹೌದು.

ನಿದ್ರೆ ಬಯಸುವ ಮರ

ಯೆಮೆನ್‌ನ ಕಾಫಿ ಬೆಟ್ಟಗಳು ಭೂಮಧ್ಯರೇಖೆಯಿಂದ 13ರಿಂದ 16 ಡಿಗ್ರಿ ಉತ್ತರಕ್ಕಿವೆ. ಬಾಬಾಬುಡನ್ ಗಿರಿಯೂ ಹದಿಮೂರು ಡಿಗ್ರಿಯ ಆಸುಪಾಸಿನಲ್ಲೇ ಇದೆ. ಎಂದರೆ ಕಾಫಿ ಬಂದದ್ದು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಗುಂಟ. ಜಪಾನಿನ ಟೋಕಿಯೊ ಇರುವುದು 35 ಡಿಗ್ರಿಗೂ ಆಚೆ. ಅಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಐದು ಗಂಟೆಗಳ ಅಂತರ. ಕಡೂರಿನಲ್ಲಿ ಅದು ಒಂದೂವರೆ ಗಂಟೆಯಷ್ಟೆ.

ಹಗಲು ಕುಗ್ಗಿ ಚಳಿ ಹೆಚ್ಚಿದಂತೆ ಪೈನ್ ತನ್ನ ಮೊಗ್ಗುಗಳನ್ನು ಬಿಗಿದುಕೊಂಡು ನಿದ್ರೆಗೆ ಜಾರುತ್ತದೆ. ವಸಂತದಲ್ಲಿ ಆ ಮೊಗ್ಗುಗಳು ಮೇಣದ ಬತ್ತಿಗಳಂತೆ ಒಮ್ಮೆಗೇ ಮೇಲೇಳುತ್ತವೆ. ಜಪಾನಿನ ಕಸುಬುದಾರರು ಕರಿ ಪೈನ್‌ನ ಈ ಕುಡಿಗಳನ್ನು ಬೇಸಿಗೆಯ ಆರಂಭದಲ್ಲಿ ಚಿವುಟಿ, ಎರಡನೆಯ ಸಲ ಗಿಡ್ಡ ಎಲೆಗಳು ಬರುವಂತೆ ಮಾಡುತ್ತಾರೆ. ಅವರ ಪಂಚಾಂಗವೆಲ್ಲ ಈ ನಿದ್ರೆ ಮತ್ತು ಎಚ್ಚರದ ಮೇಲೆಯೇ ನಿಂತಿದೆ. ಬಯಲುಸೀಮೆಯ ಬಿಸಿಲಿನಲ್ಲಿ ಮರಕ್ಕೆ ಆ ಸೂಚನೆಯೇ ಸಿಗುವುದಿಲ್ಲ. ಬಿಳಿ ಪೈನ್ ಕ್ರಮೇಣ ಸೊರಗುತ್ತದೆ. ಕರಿ ಪೈನ್ ಸೆಕೆಯನ್ನು ತಕ್ಕಮಟ್ಟಿಗೆ ಸಹಿಸಿದರೂ ಲಯ ತಪ್ಪುತ್ತದೆ.

ಉಷ್ಣವಲಯದ ಪೈನ್‌ಗಳೂ ಈ ಚೇಷ್ಟೆಯಿಂದ ಮುಕ್ತವಲ್ಲ. ಮಧ್ಯ ಅಮೆರಿಕದ ಕೆರಿಬಿಯಾ ಪೈನ್ ಅನ್ನು ವರ್ಷವಿಡೀ ಬೆಚ್ಚಗಿರುವ ನಾಡುಗಳಲ್ಲಿ ನೆಟ್ಟಾಗ ಕೆಲವು ಮರಗಳು ಕವಲೇ ಒಡೆಯದೆ ಮೀಟರುಗಟ್ಟಲೆ ಸೀದಾ ಬೆಳೆದವು. ಅರಣ್ಯ ತಜ್ಞರು ಇದನ್ನು ‘ನರಿಬಾಲ’ವೆಂದು ಕರೆದರು. ಕವಲೇ ಇಲ್ಲದ ಮರದಿಂದ ಬೋನ್ಸಾಯ್ ಮಾಡುವುದು ಹೇಗೆ?

ಬೇರಿನ ಸಂಗಾತಿ

ಎರಡನೆಯ ಅಡ್ಡಿ ಕಣ್ಣಿಗೆ ಕಾಣದು. ಪೈನ್ ಬೇರುಗಳಿಗೆ ಒಂದು ಬಗೆಯ ಶಿಲೀಂಧ್ರ ಅಂಟಿಕೊಂಡು ಬಾಳುತ್ತದೆ. ಅದು ಮಣ್ಣಿನಿಂದ ರಂಜಕವನ್ನು ಹೀರಿ ಮರಕ್ಕೆ ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಬೆಳೆಸುವ ಯತ್ನಗಳು ಹಲವು ವರ್ಷ ಸೋತವು. ಸಸಿಗಳು ಹುಟ್ಟಿ, ಹಳದಿಯಾಗಿ ಸಾಯುತ್ತಿದ್ದವು. 1950ರ ದಶಕದಲ್ಲಿ ಹೊರಗಿನ ಪೈನ್ ಕಾಡಿನ ಮಣ್ಣನ್ನು ಬೆರೆಸಿದ ಮೇಲೆಯೇ ಅವು ಹಸಿರಾದದ್ದು. ಕಾಡು ಪೈನ್ ಇಲ್ಲದ ನಮ್ಮ ಪಶ್ಚಿಮಘಟ್ಟದ ಮಣ್ಣಿಗೂ ಈ ಮಾತು ಅನ್ವಯ. ಬೀಜದ ಕುಂಡಕ್ಕೆ ಬೆಳೆದ ಪೈನ್ ಮರದ ಬುಡದ ಒಂದು ಹಿಡಿ ಮಣ್ಣು ಸೇರಿಸಬೇಕು. ಕುಂಡ ಬದಲಿಸುವಾಗ ಬೇರಿನ ಬಿಳಿ ಎಳೆಗಳನ್ನು ತೊಳೆದು ಹಾಕಬಾರದು.

ಯಾವ ಊರಿಗೆ ಯಾವ ಮರ

ಈ ಮೂರು ಊರುಗಳ ಸೀಮೆ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಮುಂಗಾರಿನ ಮೋಡಗಳನ್ನು ಗಿರಿಸಾಲು ತಡೆಯುವುದರಿಂದ ಕಡೂರು ಒಣಸೀಮೆ. ಅಜ್ಜಂಪುರದ ಸುತ್ತ ನೀರು ಹಿಡಿದಿಡುವ ಎರೆ ಹೊಲಗಳು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಘಾಟಿ ಹತ್ತಿದರೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿದ್ದ ಈ ಗಿರಿಧಾಮ ಮುಂದೆ ತೋಟಗಾರಿಕೆ ಇಲಾಖೆಯ ಕೈಸೇರಿತು.

ನಿಜವಾದ ಪೈನ್ ಬೇಕೆನ್ನುವವರು ಜಪಾನಿನ ಬದಲು ಮೇಘಾಲಯದತ್ತ ನೋಡುವುದು ಲೇಸು. ಅಲ್ಲಿನ ಖಾಸಿ ಪೈನ್ ಸೌಮ್ಯ ಚಳಿಗೆ ಒಗ್ಗಿದ ಮರ. ಗಿರಿಯ ತಂಪಿನಲ್ಲಿ ಅದಕ್ಕೆ ಹೆಚ್ಚು ಅವಕಾಶ. ಪೈನ್‌ನ ಕಡ್ಡಿ ನೆಟ್ಟರೆ ಬೇರೊಡೆಯುವುದು ಕಷ್ಟ, ಬೀಜವೇ ಸುಲಭದ ದಾರಿ. ಹೊಸ ಬೀಜವನ್ನು ಒಂದು ರಾತ್ರಿ ನೆನೆಸಿ, ದಪ್ಪ ಮರಳು ಹೆಚ್ಚಾಗಿ ಬೆರೆತ ಮಣ್ಣಿನಲ್ಲಿ ಊರಬೇಕು. ಎರೆಮಣ್ಣು ಕೂಡದು. ಜಿಟಿಜಿಟಿ ಮಳೆಯಲ್ಲಿ ಎಳೆಯ ಸಸಿಯ ಬುಡ ಕೊಳೆಯುವುದರಿಂದ ಮಳೆಗಾಲ ಮುಗಿದ ಮೇಲೆ ಬಿತ್ತುವುದು ಕ್ಷೇಮ. ಬಿಸಿಲು ಮಾತ್ರ ಧಾರಾಳವಾಗಿ ಬೇಕು, ಮನೆಯೊಳಗೆ ಪೈನ್ ಬದುಕದು.

ಬಯಲಿನವರಿಗೆ ಇನ್ನೊಂದು ದಾರಿಯಿದೆ. 1868ರಲ್ಲಿ ಕಾರವಾರದ ಕಡಲಂಚಿನಲ್ಲಿ ಸೌದೆಗಾಗಿ ನೆಟ್ಟ ಗಾಳಿಮರ, ಎಂದರೆ ಸರ್ವೆ, ನೋಟಕ್ಕೆ ಪೈನ್‌ನಂತೆಯೇ ಇದ್ದರೂ ಆ ಕುಲದ್ದಲ್ಲ. ಅದರ ಸೂಜಿಗಳು ಎಲೆಗಳಲ್ಲ, ಗಂಟುಗಂಟಾದ ಎಳೆಯ ರೆಂಬೆಗಳು. ಗಾಳಿಯ ಸಾರಜನಕವನ್ನು ಹಿಡಿಯುವ ಸೂಕ್ಷ್ಮಜೀವಿಗಳು ಅದರ ಬೇರಿನ ಗಂಟುಗಳಲ್ಲಿವೆ. ಚಳಿಗಾಲದ ಹಂಗಿಲ್ಲದ ಈ ಮರ ಕತ್ತರಿಗೂ ತಂತಿಗೂ ಚೆನ್ನಾಗಿ ಬಗ್ಗುತ್ತದೆ. ಲಾಲ್‌ಬಾಗಿನಲ್ಲಿ ಜನ ‘ಕ್ರಿಸ್‌ಮಸ್ ಮರ’ ಎನ್ನುವ ಕುಕ್ ಪೈನ್ ಕೂಡ ಪೈನ್ ಅಲ್ಲ. 1774ರಲ್ಲಿ ನಾವಿಕ ಜೇಮ್ಸ್ ಕುಕ್ ತಲುಪಿದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಮರವದು. ಆ ದ್ವೀಪವೂ ಉಷ್ಣವಲಯದ್ದೇ. ಅದು ಬೆಂಗಳೂರಿನಲ್ಲಿ ನೆಮ್ಮದಿಯಾಗಿ ಬೆಳೆದು ನಿಂತಿರುವುದರಲ್ಲಿ ಆಶ್ಚರ್ಯವೇನಿದೆ?

ನಮ್ಮ ನಾಡಿನಲ್ಲಿ ಬೇರೂರಿದ ಪರದೇಶದ ಗಿಡಗಳ ಕಥೆಯಲ್ಲಿ ತಂದವರ ಸಾಹಸವನ್ನೇ ನಾವು ಹೆಚ್ಚು ಹೊಗಳುತ್ತೇವೆ. ಆದರೆ ಏಳು ಬೀಜ ತಂದವರು ಅವುಗಳ ಹವೆಯನ್ನೂ ಹೊತ್ತು ತರಬೇಕಾಗಿರಲಿಲ್ಲ. ಅದು ಗಿರಿಯ ಮೇಲೆ ಮೊದಲೇ ಕಾದಿತ್ತು. ಪೈನ್ ಬೀಜಕ್ಕೆ ಹಣ ತೆರುವ ಮುನ್ನ, ಅದರ ತವರಿನ ಚಳಿ ನಮ್ಮೂರಿನಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕುವುದು ಜಾಣತನ.