ಕಲ್ಲಚ್ಚಿನಲ್ಲಿ ಲಿಪಿಕಾರನ ಕೈ: ‘ಮಂಗಳೂರ ಸಮಾಚಾರ’ದ ಒಂದು ವಿಚಾರ

ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾದ ‘ಮಂಗಳೂರ ಸಮಾಚಾರ’ದ ಪ್ರಥಮ ಸಂಚಿಕೆಯು 1843ನೆಯ ಇಸವಿ ಜುಲೈ 1ರಂದು ಹೊರಬಿದ್ದಿತೆಂಬುದು ವಿದ್ವಜ್ಜನರಿಗೆ ವಿದಿತವೇ ಇದೆ. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವ ವಾಡಿಕೆಯೂ ಉಂಟು. ಆದರೆ ಈ ಪತ್ರಿಕೆಯನ್ನು ಮುದ್ರಣದ ಇತಿಹಾಸಕ್ಕೆ ಮಾತ್ರ ಒಪ್ಪಿಸಿ, ಹಸ್ತಪ್ರತಿಗಳ ಅಧ್ಯಯನದಿಂದ ಹೊರಗಿಡುವುದು ಯುಕ್ತವಲ್ಲ. ಏಕೆಂದರೆ ಅದು ಮೊಳೆಗಳನ್ನು ಜೋಡಿಸಿ ಅಚ್ಚು ಮಾಡಿದುದಲ್ಲ; ಆಮೂಲಾಗ್ರವಾಗಿ ಕೈಬರಹ.

ಅಂದಿನ ಮಂಗಳೂರು ಮದರಾಸು ಆಧಿಪತ್ಯಕ್ಕೆ ಸೇರಿದ ಕೆನರಾ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಒಂದು ರೇವುಪಟ್ಟಣ. 1834ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಯಂತ್ರವೊಂದನ್ನು ಸ್ಥಾಪಿಸಿದರು. ಅದನ್ನು ಮುಂಬಯಿಯಿಂದ ತಂದವನು ವೈಗಲ್ ಎಂಬ ಪಾದ್ರಿ. 1836ರಲ್ಲಿ ಮಂಗಳೂರಿಗೆ ಬಂದಿದ್ದ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗನು ಪತ್ರಿಕೆಯ ಸಂಪಾದಕ. ನಾಲ್ಕು ಪುಟಗಳ ಪಾಕ್ಷಿಕ. ಬೆಲೆ ಒಂದು ದುಡ್ಡು.

ಕಲ್ಲಚ್ಚಿನ ಕ್ರಮವನ್ನು ಇಲ್ಲಿ ಕೊಂಚ ವಿವರಿಸುವುದು ಅವಶ್ಯ. ನಯವಾಗಿ ಉಜ್ಜಿದ ಸುಣ್ಣಗಲ್ಲಿನ ಫಲಕದ ಮೇಲೆ ಜಿಡ್ಡು ಬೆರೆತ ಮಸಿಯಿಂದ ಅಕ್ಷರಗಳನ್ನು ಬರೆಯಬೇಕು. ಅನಂತರ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಎಣ್ಣೆಮಸಿಯನ್ನು ಉರುಳಿಸಿದರೆ, ಬರೆದ ಭಾಗ ಮಾತ್ರ ಮಸಿಯನ್ನು ಹಿಡಿಯುತ್ತದೆ. ತೇವವಾದ ಬರಿಯ ಕಲ್ಲು ಅದನ್ನು ತಳ್ಳುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದಾಗ ಪ್ರತಿಗಳು ದೊರೆಯುತ್ತವೆ. ನೇರವಾಗಿ ಕಲ್ಲಿನ ಮೇಲೆ ಬರೆಯುವುದಾದರೆ ಅಕ್ಷರಗಳನ್ನು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಬರೆಯಬೇಕು. ಈ ಕಷ್ಟವನ್ನು ತಪ್ಪಿಸಲು ವಿಶೇಷ ಲೇಪವುಳ್ಳ ಕಾಗದದ ಮೇಲೆ ನೇರವಾಗಿಯೇ ಬರೆದು, ಬರಹವನ್ನು ಕಲ್ಲಿಗೆ ಇಳಿಸುವ ಪದ್ಧತಿಯೂ ಇದ್ದಿತು. ಯಾವ ಕ್ರಮವಾದರೂ ಲಿಪಿಕಾರನ ಕೈಯಿಲ್ಲದೆ ಕಲ್ಲಚ್ಚಿಲ್ಲ. ಅವನ ಅಕ್ಷರದ ಓರೆ, ಒತ್ತಕ್ಷರವನ್ನು ಕೆಳಕ್ಕೆ ಇಳಿಬಿಡುವ ರೀತಿ, ಸಾಲಿನ ಕೊನೆಯಲ್ಲಿ ಇಕ್ಕಟ್ಟಾದಾಗ ಅಕ್ಷರಗಳನ್ನು ಕಿರಿದುಗೊಳಿಸುವ ಜಾಣ್ಮೆ, ಇವೆಲ್ಲವೂ ಪ್ರತಿಯೊಂದು ಪ್ರತಿಯಲ್ಲಿಯೂ ಯಥಾವತ್ತಾಗಿ ಮೂಡುತ್ತವೆ. ಅವನ ಪ್ರಮಾದವೂ ಹಾಗೆಯೇ.

ತಾಳೆಯೋಲೆಯ ಪರಂಪರೆಗೂ ಇದಕ್ಕೂ ಇರುವ ಮುಖ್ಯ ಭೇದವೂ ಇಲ್ಲಿಯೇ ಇದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಸಾವಿರಕ್ಕೆ ಸಾವಿರ ಸಲ ಬರೆಯಬೇಕಾಯಿತು. ಸಾವಿರ ಸಲವೂ ಪಾಠಾಂತರಕ್ಕೆ ಅವಕಾಶ. ಕಲ್ಲಚ್ಚಿನಲ್ಲಿ ಬರೆಯುವುದು ಒಮ್ಮೆ, ಪಾಠ ಒಂದೇ. ಓಲೆಯ ಲಿಪಿಕಾರನು ಗ್ರಂಥಾಂತ್ಯದಲ್ಲಿ ತನ್ನ ಹೆಸರು, ಸಂವತ್ಸರ, ತಿಥಿಗಳನ್ನು ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಿದ್ದನು. ಪತ್ರಿಕೆಯ ಚರಿತ್ರೆಯನ್ನು ಹೇಳುವವರು ಮೋಗ್ಲಿಂಗನನ್ನು ಸ್ಮರಿಸುತ್ತಾರೆ, ಅಕ್ಷರ ಬರೆದ ಕೈಯನ್ನು ಸ್ಮರಿಸುವುದಿಲ್ಲ. ಪತ್ರಿಕೆಯಲ್ಲಿ ಊರ ವರ್ತಮಾನ, ಸರಕಾರದ ನಿರೂಪ, ಅನ್ಯರಾಜ್ಯಗಳ ಸುದ್ದಿ, ಕಥೆ, ದಾಸರ ಪದ ಇವೆಲ್ಲ ಬರುತ್ತಿದ್ದವು. ಪಾದ್ರಿಯ ಪತ್ರಿಕೆಯಲ್ಲಿ ದಾಸರ ಪದಗಳಿಗೆ ಎಡೆ ದೊರೆತುದು ಸಣ್ಣ ಮಾತಲ್ಲ.

ಮಂಗಳೂರಿನಲ್ಲಿ ಪತ್ರಿಕೆಯು ಒಂದು ವರ್ಷವನ್ನೂ ತುಂಬಲಿಲ್ಲ. 1844ರಲ್ಲಿ ಅದನ್ನು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಸಾಗಿಸಿ, ‘ಕನ್ನಡ ಸಮಾಚಾರ’ವೆಂದು ಹೆಸರಿಟ್ಟರು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದಿತು; ಲಿಪಿಕಾರನ ಕೈಯೂ ಅಲ್ಲಿಗೆ ಮುಗಿಯಿತು. ಮಂಗಳೂರಿನ ಕಲ್ಲಚ್ಚು ಮಾತ್ರ ನಿಲ್ಲಲಿಲ್ಲ. ಮೋಗ್ಲಿಂಗನು ಕಾಸಾಮೇಜರ್ ಎಂಬ ಆಂಗ್ಲ ಅಧಿಕಾರಿಯ ಧನಸಹಾಯದಿಂದ 1848ರಲ್ಲಿ ಆರಂಭಿಸಿದ ಪ್ರಾಚೀನ ಕಾವ್ಯಮಾಲೆಯು ಈ ಕ್ರಮದಲ್ಲಿಯೇ ಮೊದಲಾಯಿತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದುದೂ ಅದೇ ಮಂಗಳೂರಿನಿಂದ.

ಜೈನ ವಿದ್ವಾಂಸರು ಇನ್ನೊಂದನ್ನೂ ಎಣಿಸಬೇಕಾಗಿದೆ. ಪತ್ರಿಕೆ ಹುಟ್ಟಿದ ಊರಿಗೆ ಒಂದೆರಡು ದಿನಗಳ ಕಾಲ್ನಡೆಯಷ್ಟು ದೂರದಲ್ಲಿ, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಧವಲಾ ಟೀಕಾಸಹಿತವಾದ ಷಟ್ಖಂಡಾಗಮದ ಓಲೆಗಳಿದ್ದವು. ಮುದ್ರಣದಿಂದ ಶಾಸ್ತ್ರಕ್ಕೆ ಅವಿನಯವಾಗುವುದೆಂಬ ಅಂಜಿಕೆ ಸಮಾಜದಲ್ಲಿ ಬಹುಕಾಲ ಬಲವಾಗಿದ್ದಿತು. ಅಂಜಿಕೆಯು ಶ್ರದ್ಧೆಯಿಂದ ಹುಟ್ಟಿದುದೇ ಸರಿ. ಆದರೆ ಓಲೆಯನ್ನು ತಿನ್ನುವ ಹುಳುವಿಗೆ ಶ್ರದ್ಧೆಯ ಅರಿವಿಲ್ಲ. ಧವಲಾದ ಮೊದಲ ಸಂಪುಟವು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದುದು 1939ರಲ್ಲಿ; ಮಂಗಳೂರಿನಲ್ಲಿ ಪತ್ರಿಕೆ ಒಂದು ದುಡ್ಡಿಗೆ ದೊರೆತ 96 ವರ್ಷಗಳ ಮೇಲೆ, ಅದೂ ದೂರದ ಅಮರಾವತಿಯಿಂದ.

ಇನ್ನು ಮುಂದೆ ಹಸ್ತಪ್ರತಿಸೂಚಿಗಳನ್ನು ಸಿದ್ಧಪಡಿಸುವವರು ಕಲ್ಲಚ್ಚಿನ ಹಾಳೆಗಳಿಗೂ ಒಂದು ವಿಭಾಗವನ್ನು ಇಡುವುದು ಲೇಸು. ಪುಟಕ್ಕೆ ಎಷ್ಟು ಸಾಲು, ಎಕಾರ ಏಕಾರಗಳ ಭೇದವನ್ನು ಬರಹದಲ್ಲಿ ತೋರಿಸಿದೆಯೇ, ಪದಗಳ ನಡುವೆ ಬಿಡುವುಂಟೇ, ಒಂದೇ ಕೈಯೋ ಹಲವು ಕೈಗಳೋ ಎಂಬುದನ್ನು ಓಲೆಗೆ ಬರೆಯುವಂತೆಯೇ ಇವಕ್ಕೂ ಬರೆದಿಡಬೇಕು.