ಬೆಂಗಳೂರು–ಮಂಗಳೂರು: ಒಂದು ಗಂಟೆಯ ಆಕಾಶಮಾರ್ಗ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸಾರ್, ಇಲ್ಲಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?" ಎಂದು ಕೇಳಿದ. "ಸುಮಾರು 300 ಕಿ.ಮೀ., ಒಂದು ಗಂಟೆ" ಎಂದೆ. ಉತ್ತರ ತಪ್ಪಲ್ಲ, ಆದರೆ ಅದು ಅರ್ಧ ಉತ್ತರ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಜಪೆಯ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಅವರು ಡಕೋಟ ವಿಮಾನದಲ್ಲಿ ಅಲ್ಲಿ ಬಂದಿಳಿದರು. ಆಗ ಮಂಗಳೂರು ಮದರಾಸು ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿ. ಎರಡೂ ಒಂದಾದದ್ದು 1956ರ ನವೆಂಬರ್ 1ರಂದು. ಹಾಸನದಿಂದ ಘಟ್ಟವಿಳಿದು ಮಂಗಳೂರು ಮುಟ್ಟುವ ರೈಲುಮಾರ್ಗ ಪೂರ್ಣಗೊಳ್ಳಲು 1979 ಬರಬೇಕಾಯಿತು. ಅದಕ್ಕೂ ಮೊದಲು ರೈಲಿನಲ್ಲೇ ಹೋಗಬೇಕೆಂದವರು ಜೋಲಾರಪೇಟೆ, ಶೋರನೂರುಗಳನ್ನು ಬಳಸಿ ಹೋಗಬೇಕಿತ್ತು. ಆ ಸುತ್ತುದಾರಿಯ ಮುಂದೆ ಆಕಾಶದ ನೇರದಾರಿ ಪವಾಡದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂದು ನಿಮಗೆಲ್ಲ ಕಲಿಸಿದ್ದೇನೆ. ಡಕೋಟದ ವೇಗ ಗಂಟೆಗೆ ಸುಮಾರು 300 ಕಿ.ಮೀ.; ಹಾಗಾದರೆ ಒಂದು ಗಂಟೆ. ಇಂದಿನ ಎ.ಟಿ.ಆರ್. ವಿಮಾನದ ವೇಗ 500ರಷ್ಟು, ಜೆಟ್ ವಿಮಾನದ್ದು 800ರಷ್ಟು. ಲೆಕ್ಕದಂತೆ ಕಾಲ ಅರ್ಧಕ್ಕಿಳಿಯಬೇಕಿತ್ತು. ಆದರೂ ವೇಳಾಪಟ್ಟಿಯಲ್ಲಿ ಈಗಲೂ ಒಂದು ಗಂಟೆಯ ಆಸುಪಾಸೇ ಇರುತ್ತದೆ. ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು ಇವುಗಳಲ್ಲಿಯೇ ಹೆಚ್ಚಿನ ಹೊತ್ತು ಕಳೆಯುತ್ತದೆ. ಇಷ್ಟು ಹತ್ತಿರದ ಊರಿಗೆ ಪೂರ್ಣ ವೇಗದಲ್ಲಿ ಹಾರುವ ಅವಕಾಶವೇ ಕಡಿಮೆ.

ನಿಜವಾಗಿ ಬದಲಾದದ್ದು ನೆಲದ ದಾರಿ. 2008ರ ಮೇ ತಿಂಗಳಲ್ಲಿ ಎಚ್.ಎ.ಎಲ್. ನಿಲ್ದಾಣದ ನಿಗದಿತ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಸ್ಥಳಾಂತರಗೊಂಡವು. ಎರಡು ಊರುಗಳ ನಡುವಿನ ಆಕಾಶದ ದೂರ ಹೆಚ್ಚೂಕಡಿಮೆ ಹಾಗೆಯೇ ಉಳಿಯಿತು. ಆದರೆ ನಮ್ಮ ಮಹಾಲಕ್ಷ್ಮಿ ಲೇಔಟಿನಿಂದ ನಿಲ್ದಾಣಕ್ಕಿದ್ದ ದೂರ ಸುಮಾರು ಇಮ್ಮಡಿಯಾಯಿತು.

ಇದನ್ನು ನಾನು ಅರಿತದ್ದು 2009ರ ಜುಲೈ ತಿಂಗಳಲ್ಲಿ. ಮಧ್ಯಾಹ್ನ ಎರಡು ಗಂಟೆಗೆ ಮಂಗಳೂರಿನಿಂದ ಭಾವನವರ ಕರೆ ಬಂತು: "ಅಕ್ಕನಿಗೆ ಜಾಸ್ತಿಯಾಗಿದೆ, ಕೂಡಲೇ ಹೊರಡು." ಯಶವಂತಪುರ, ಮೇಖ್ರಿ ವೃತ್ತ, ಹೆಬ್ಬಾಳ ದಾಟಿ ದೇವನಹಳ್ಳಿ ಸೇರಲು ಎರಡು ಗಂಟೆ ಹಿಡಿಯಿತು. ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾದೆ. ಬಜಪೆಯ ಮೇಲೆ ಮಳೆಮೋಡ ಕವಿದು, ಸುತ್ತು ಹೊಡೆದು ಇಳಿಯುವಷ್ಟರಲ್ಲಿ ಒಂದೂಕಾಲು ಗಂಟೆಯಾಯಿತು. ಅಲ್ಲಿಂದ ಮನೆಗೆ ಮುಕ್ಕಾಲು ಗಂಟೆ. ಒಟ್ಟು ಐದೂವರೆ ಗಂಟೆ. ಅಕ್ಕ ಹೋಗಿ ನಲವತ್ತು ನಿಮಿಷವಾಗಿತ್ತು. "ಎಲ್ಲಿವರೆಗೆ ಬಂದ ಅಂತ ಎರಡು ಸಲ ಕೇಳಿದಳು" ಎಂದರು ಭಾವ.

ಇದರಲ್ಲಿ ಯಾರ ತಪ್ಪೂ ಇಲ್ಲ. ಬಸ್ಸಿನಲ್ಲಿ ಹೊರಟಿದ್ದರೆ ಇನ್ನೂ ತಡವಾಗುತ್ತಿತ್ತು. ತಪ್ಪಿದ್ದರೆ ಅದು ನನ್ನದೇ. "ಮಂಗಳೂರೇನು, ಒಂದು ಗಂಟೆಯ ದಾರಿ" ಎಂದುಕೊಂಡು, ಹೋಗಿ ನೋಡುವುದನ್ನು ವರ್ಷಗಟ್ಟಲೆ ಮುಂದೂಡಿದ್ದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ನನಗಿಂತ ಹೆಚ್ಚು ವಿಮಾನ ಹತ್ತಿದವರು. ನಾನು ಕಲಿಸಿದ ಸೂತ್ರ ನಿಲ್ದಾಣದಿಂದ ನಿಲ್ದಾಣಕ್ಕೆ ಸರಿ. ಮನೆಯಿಂದ ಮನೆಗೆ ಲೆಕ್ಕ ಬೇರೆಯೇ ಇದೆ. ನೋಡಬೇಕಾದವರಿದ್ದರೆ, ಕರೆ ಬರುವ ತನಕ ಕಾಯದೆ ಹೋಗಿಬನ್ನಿ.